ಸೋಲುವ ತಂಡವನ್ನೂ ತೂಗಿಸಲು ಬಿಡಿ: ರೇಸ್ ಮ್ಯಾನೇಜರ್ ಆಟ ಕಟ್ಟುವವರಿಗೆ ಆಲ್ದೂರು ಕಡೆಯಿಂದ ಒಂದು ಬಹಿರಂಗ ಪತ್ರ

ಮೋಟರ್‌ಸ್ಪೋರ್ಟ್ ತಂಡ ನಡೆಸುವ ಹೊಸ ಆಟ ಕಟ್ಟುತ್ತಿರುವವರಿಗೆ, ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯಿಂದ ನಮಸ್ಕಾರ.

ನಾನು ಇಲ್ಲಿನ ಒಂದು ಕಾಫಿ ತೋಟದಲ್ಲಿ ರೈಟರ್. ಮಲೆನಾಡಿನವರಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ, ರೈಟರ್ ಅಂದರೆ ಕಥೆ ಕಾದಂಬರಿ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ಬ್ಲಾಕಿಗೆ ಅಂತ ಮೇಸ್ತ್ರಿಗೆ ಹೇಳಿ, ಡೀಸೆಲ್, ಗೊಬ್ಬರ, ಔಷಧಿಯ ಲೆಕ್ಕ ಇಟ್ಟು, ವಾರಕ್ಕೊಮ್ಮೆ ಬಟವಾಡೆ ಮಾಡಿ, ಇಷ್ಟೆಲ್ಲ ಆದ ಮೇಲೂ ಸಾಹುಕಾರ್ರು ಫೋನ್ ಮಾಡಿ 'ಏನ್ರೀ ಇದು?' ಅಂದಾಗ ಉತ್ತರ ಕೊಡಬೇಕಾದವನು. ರಾತ್ರಿ ಊಟ ಮುಗಿದ ಮೇಲೆ ಹಳೆಯ ಲ್ಯಾಪ್‌ಟಾಪ್ ತೆರೆದು ಎರಡು ಕಾರು, ಇಬ್ಬರು ಡ್ರೈವರ್, ಒಂದಿಷ್ಟು ಸಾಲ ಇರುವ ಇನ್ನೊಂದು ತಂಡ ನಡೆಸುತ್ತೇನೆ. ಅಲ್ಲಿಯೂ ಇದೇ ಕೆಲಸ. ಬೈಯುವವರು ಮಾತ್ರ ಬೇರೆ.

ಹೋದ ವಾರ ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಮೆಸೇಜ್ ಹಾಕಿದ: 'ಮಾವ, ಹೊಸ ಮ್ಯಾನೇಜರ್ ಗೇಮ್ ಬರ್ತಿದೆಯಂತೆ. ರೆಡಿಯಾಗಿರು.' ಯಾವುದು, ಯಾರದ್ದು ಅಂತ ಹೆಸರು ಹಿಡಿದು ಇಲ್ಲಿ ಬರೆಯುವುದಿಲ್ಲ. ಇಂಥ ಆಟ ಮಾಡಲು ಕೂತಿರುವ ಎಲ್ಲರಿಗೂ ಈ ಪತ್ರ ಸೇರಲಿ.

ನಮಗೆ ಇಷ್ಟು ಕಾತರ ಯಾಕೆ ಅಂದರೆ, ಕಾರು ಓಡಿಸುವ ಆಟಗಳು ಲೆಕ್ಕಕ್ಕೆ ಸಿಗದಷ್ಟಿವೆ, ಕಾರು ಓಡಿಸುವವರನ್ನು ಸಂಭಾಳಿಸುವ ಆಟ ಕೈಬೆರಳಿನಷ್ಟೇ. ಮೋಟರ್‌ಸ್ಪೋರ್ಟ್ ಮ್ಯಾನೇಜರ್ 2014ರಲ್ಲಿ ಫೋನಿಗೆ ಬಂತು, 2016ರಲ್ಲಿ ಕಂಪ್ಯೂಟರಿಗೆ. ಅದರಲ್ಲಿ ನಿಜವಾದ ತಂಡಗಳ ಹೆಸರಿರಲಿಲ್ಲ, ಆದರೆ ಒಳಗಿನ ಯೋಚನೆ ಗಟ್ಟಿಯಾಗಿತ್ತು. ನಿಯಮ ಮುರಿಯುವಂಥ ಒಂದು ಬಿಡಿಭಾಗ ಮಾಡಿಸಿ ಸಿಕ್ಕಿಬೀಳುತ್ತೀವೋ ಇಲ್ಲವೋ ಅಂತ ಉಸಿರು ಬಿಗಿಹಿಡಿದು ಕೂರಬಹುದಿತ್ತು. ಮುಂದಿನ ವರ್ಷದ ನಿಯಮ ಬದಲಾವಣೆಗೆ ಬೇರೆ ತಂಡದವರ ಜೊತೆ ಕೂತು ವೋಟು ಹಾಕಬಹುದಿತ್ತು. ಆಮೇಲೆ ಫ್ರಾಂಟಿಯರ್ ಸಂಸ್ಥೆಯ ಎಫ್1 ಮ್ಯಾನೇಜರ್ 2022, 2023, 2024ರಲ್ಲಿ ಸಾಲಾಗಿ ಬಂತು. ಮೂರನೆಯದರಲ್ಲಿ ನಮ್ಮದೇ ತಂಡ ಕಟ್ಟುವ ಅವಕಾಶವೂ ಸಿಕ್ಕಿತು. 2025ರಲ್ಲಿ ಬರಲಿಲ್ಲ. ನಡುವೆ ಗೋಲ್ಡನ್ ಲ್ಯಾಪ್ ಅನ್ನುವ ಚಿಕ್ಕ ಆಟ ಬಂದು ಹಳೆಯ ಕಾಲದ ರೇಸಿನ ರುಚಿ ತೋರಿಸಿತು. ನಾನು ಈಗಲೂ 2016ರ ಆಟದ ಹನ್ನೊಂದನೇ ಸೀಸನ್ನಿನಲ್ಲಿದ್ದೇನೆ. ಡ್ರೈವರ್‌ಗಳೆಲ್ಲ ರಿಟೈರ್ ಆಗಿ ಹೋದರು, ನಾನೊಬ್ಬ ಅಲ್ಲೇ ಇದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನೀವು ಆಟದ ಹೆಸರಲ್ಲಿ 'ಮ್ಯಾನೇಜರ್' ಅಂತ ಹಾಕುತ್ತೀರಿ. ನಮ್ಮ ಮನೆಗಳಲ್ಲಿ ಆ ಕೆಲಸಕ್ಕೆ ಬೇರೆ ಮಾತಿದೆ, ತೂಗಿಸೋದು. 'ಹೆಂಗೋ ತೂಗಿಸ್ಕೊಂಡು ಹೋಗ್ತಿದ್ದಾಳೆ' ಅಂತ ನಮ್ಮ ಅಮ್ಮನ ಬಗ್ಗೆ ಊರವರು ಹೇಳುತ್ತಿದ್ದರು. ಅದರರ್ಥ ಅಮ್ಮ ಗೆಲ್ಲುತ್ತಿದ್ದಳು ಅಂತಲ್ಲ. ಇರುವ ಅಕ್ಕಿ, ಬರಬೇಕಾದ ದುಡ್ಡು, ಮಳೆಗಾಲಕ್ಕೆ ಬೇಕಾದ ಸೌದೆ, ಹಬ್ಬಕ್ಕೆ ಬರುವ ನೆಂಟರು, ಇಷ್ಟನ್ನೂ ಒಂದರ ಮೇಲೊಂದು ಬೀಳದ ಹಾಗೆ ನೋಡಿಕೊಳ್ಳುತ್ತಿದ್ದಳು ಅಂತ. ಈ ತೂಗಿಸೋದು ಇರುವ ಆಟ ನನಗೆ ಬೇಕು. ಬಹಳಷ್ಟು ಆಟಗಳಲ್ಲಿ ಮೊದಲ ಎರಡು ಸೀಸನ್ ತೂಗಿಸುವುದಿರುತ್ತದೆ, ಮೂರನೆಯದಕ್ಕೆ ಕೈತುಂಬ ದುಡ್ಡು ಬಂದು ಎಲ್ಲ ರೇಸೂ ಗೆದ್ದು, ಆಮೇಲೆ ಬರೀ ಆಕಳಿಕೆ.

ತೂಗಿಸೋದು ಅಂದರೆ ಹೇಗಿರುತ್ತದೆ ಅಂತ ನನ್ನ ಕೆಲಸದಿಂದಲೇ ಹೇಳುತ್ತೇನೆ. ಬೇಸಿಗೆಯ ಶುರುವಿನಲ್ಲಿ ರೋಬಸ್ಟಾ ಗಿಡದಲ್ಲಿ ಮೊಗ್ಗು ಬಲಿತು ನಿಂತಿರುತ್ತದೆ. ಅದಕ್ಕೆ ಹೂಮಳೆ ಬೇಕು. ಸುಮಾರು ಒಂದು ಇಂಚು ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ. ನಾವು ಇಲ್ಲಿ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಅಳೆಯುತ್ತೇವೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು. ಹದಿನೈದು ಸೆಂಟ್ಸ್ ಮಳೆ ಬಿತ್ತೋ, ಬರದೇ ಇದ್ದಿದ್ದಕ್ಕಿಂತ ಕಷ್ಟ. ಹೂವು ಅರ್ಧಂಬರ್ಧ ಅರಳಿ, ಕಾಯಿ ಕಚ್ಚುವುದಿಲ್ಲ. ಕೆರೆಯಲ್ಲಿ ನೀರಿರುವುದು ಒಂದು ಸುತ್ತು ಸ್ಪ್ರಿಂಕ್ಲರ್ ಹಾಕುವಷ್ಟು. ಮುಳ್ಳಯ್ಯನಗಿರಿ ಕಡೆ ಮೋಡ ಕಟ್ಟಿದೆ. ಇವತ್ತೇ ಮೋಟರ್ ಹಚ್ಚಿಸಿದರೆ, ನಾಳೆ ಮಳೆ ಬಂದರೆ, ಡೀಸೆಲ್ ದುಡ್ಡು ನೀರಿಗೆ. ಹಚ್ಚಿಸದೆ ಕಾದು ಕೂತರೆ, ಮೋಡ ಹಾಗೇ ದಾಟಿಹೋದರೆ, ವರ್ಷದ ಫಸಲು. ಒಂದು ವರ್ಷ ಕಾದೆವು. ಪಕ್ಕದ ತೋಟಕ್ಕೆ ಒಂದು ಇಂಚು ಹತ್ತು ಸೆಂಟ್ಸ್ ಬಿತ್ತು, ನಮಗೆ ಹನ್ನೆರಡು ಸೆಂಟ್ಸ್. ನಡುವೆ ಇದ್ದಿದ್ದು ಒಂದು ಮುಳ್ಳುತಂತಿ ಬೇಲಿ. ಮಳೆಗೂ ಸರ್ವೆ ನಂಬರ್ ಗೊತ್ತಿರುತ್ತದೆ ಅಂತ ನಮ್ಮ ಮೇಸ್ತ್ರಿ ಈಗಲೂ ಹೇಳುತ್ತಾನೆ.

ಈಗ 2021ರ ಸೆಪ್ಟೆಂಬರಿನ ಫಾರ್ಮುಲಾ 1 ರಷ್ಯಾ ರೇಸ್ ನೆನಪಿಸಿಕೊಳ್ಳಿ. ಸೋಚಿಯಲ್ಲಿ ಲ್ಯಾಂಡೊ ನಾರಿಸ್ ಮುಂದಿದ್ದಾನೆ, ಮೊದಲ ಗೆಲುವಿಗೆ ಇನ್ನು ನಾಲ್ಕಾರು ಲ್ಯಾಪ್. ಹನಿ ಶುರುವಾಗುತ್ತದೆ. ಒಣ ರಸ್ತೆಯ ಟೈರಿನಲ್ಲೇ ಮುಂದುವರಿಯುತ್ತೇನೆ ಅಂತಾನೆ. ಹಿಂದಿದ್ದ ಲೂಯಿಸ್ ಹ್ಯಾಮಿಲ್ಟನ್ ಒಳಗೆ ಬಂದು ಟೈರ್ ಬದಲಿಸುತ್ತಾನೆ. ಮಳೆ ಜೋರಾಗುತ್ತದೆ. ಹ್ಯಾಮಿಲ್ಟನ್‌ಗೆ ನೂರನೇ ಗೆಲುವು, ನಾರಿಸ್‌ಗೆ ಏಳನೇ ಸ್ಥಾನ. ಆ ರೇಸ್ ನೋಡುವಾಗ ನನಗೆ ಕಂಡಿದ್ದು ನಮ್ಮ ಹನ್ನೆರಡು ಸೆಂಟ್ಸ್. ಟಿವಿಯಲ್ಲಿ ಹುಡುಗನದ್ದೇ ತಪ್ಪು ಅಂದರು, ತಂಡದ್ದೇ ತಪ್ಪು ಅಂದರು. ಆಕಾಶ ನೋಡಿ ಒಂದು ಮಾತು ಹೇಳಬೇಕಾಗಿ ಬಂದವನಿಗೆ ಗೊತ್ತು, ಆ ಹೊತ್ತಿನಲ್ಲಿ ಎರಡೂ ಸರಿಯೇ ಕಾಣುತ್ತಿರುತ್ತದೆ.

ಹಾಗಾಗಿ ನಿಮ್ಮ ಆಟದಲ್ಲಿ ಮಳೆ ಬರುವುದಾದರೆ ಇಡೀ ಟ್ರ್ಯಾಕಿಗೆ ಒಂದೇ ಸಲ ನಲ್ಲಿ ತಿರುಗಿಸಿದ ಹಾಗೆ ಬರಬಾರದು. ಬೆಲ್ಜಿಯಂನ ಸ್ಪಾ ಟ್ರ್ಯಾಕ್ 7 ಕಿಲೋಮೀಟರ್ ಉದ್ದ, ಒಂದು ತುದಿಯಲ್ಲಿ ಸುರಿಯುತ್ತಿರುತ್ತದೆ, ಇನ್ನೊಂದು ತುದಿ ಒಣಗಿರುತ್ತದೆ. ಬೇಲಿಯ ಈಚೆ ಆಚೆ ಲೆಕ್ಕ ಅಲ್ಲೂ ಇದೆ. ಹವಾಮಾನ ಹೇಳುವವನು ಆಗಾಗ ತಪ್ಪು ಹೇಳಲಿ. ತಪ್ಪಿದ ಮೇಲೆ ಮಾತ್ರ ಯಾಕೆ ತಪ್ಪಿತು ಅಂತ ನನಗೆ ನೋಡಲು ಸಿಗಬೇಕು. ಒಂದು ಆಟದಲ್ಲಿ ನನ್ನ ಕಾರು ಪ್ರತಿ ರೇಸಿನ ಕೊನೆಗೆ ಹಿಂದೆ ಬೀಳುತ್ತಿತ್ತು. ಟೈರೋ, ಎಂಜಿನ್ ಬಿಸಿಯೋ, ಡ್ರೈವರ್ ಸುಸ್ತೋ, ಆಟ ಬಾಯಿ ಬಿಡಲೇ ಇಲ್ಲ. ಪರದೆಯ ಮೂಲೆಯಲ್ಲಿ ಒಂದು ಕೆಂಪು ಬಾಣ, ಅಷ್ಟೇ. ಇಳುವರಿ ಬಿದ್ದಾಗ ಸಾಹುಕಾರ್ರ ಮುಂದೆ ನಾನು ಕೆಂಪು ಬಾಣ ತೋರಿಸಿದರೆ ಕೆಲಸ ಇರುತ್ತದೆಯೇ?

ಜನರನ್ನು ತೂಗಿಸುವುದೂ ಆಟದಲ್ಲಿ ಬರಬೇಕು. 2024ರ ಹಂಗರಿ ರೇಸಿನಲ್ಲಿ ಮೆಕ್‌ಲಾರೆನ್ ಅದೇ ನಾರಿಸ್‌ನನ್ನು ಮೊದಲು ಪಿಟ್‌ಗೆ ಟೈರ್ ಬದಲಿಸಲು ಕರೆಯಿತು, ಅದರಿಂದ ಮುಂದಿದ್ದ ಅದೇ ತಂಡದ ಆಸ್ಕರ್ ಪಿಯಾಸ್ಟ್ರಿ ಹಿಂದಾದ. ಆಮೇಲೆ ಜಾಗ ವಾಪಸ್ ಕೊಡು ಅಂತ ರೇಡಿಯೋದಲ್ಲಿ ಎಷ್ಟೋ ಲ್ಯಾಪ್ ಬೇಡಿಕೊಂಡರು. ಕೊನೆಗೆ ನಾರಿಸ್ ಬಿಟ್ಟುಕೊಟ್ಟ, ಪಿಯಾಸ್ಟ್ರಿಗೆ ಮೊದಲ ಗೆಲುವು ಸಿಕ್ಕಿತು. ಒಂದೇ ತೋಟದಲ್ಲಿ ಇಬ್ಬರು ಮೇಸ್ತ್ರಿಗಳನ್ನು ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾತು ಕೇಳಿದವನಿಗೂ ಅಸಮಾಧಾನ, ಮಾತು ಕೇಳಿಸಿಕೊಂಡು ಗೆದ್ದವನಿಗೂ ಒಳಗೊಳಗೇ ಕಸಿವಿಸಿ. ಆಟದಲ್ಲಿ ಇದು ನಗುಮುಖ, ಸಿಟ್ಟುಮುಖದ ಎರಡು ಚಿತ್ರಗಳಲ್ಲಿ ಮುಗಿಯಬಾರದು. ಆರು ತಿಂಗಳ ಮೇಲೆ ಒಪ್ಪಂದದ ಮಾತು ಬಂದಾಗ ಆ ಡ್ರೈವರ್ ಅದನ್ನು ನೆನಪಿಟ್ಟುಕೊಂಡು ಕೇಳಬೇಕು.

ಈಗ ನನ್ನ ದೊಡ್ಡ ಬೇಡಿಕೆ. ರ‍್ಯಾಲಿ ಸೇರಿಸಿ.

ತಂಡ ನಡೆಸುವ ಆಟ ಅಂದರೆ ನೀವೆಲ್ಲ ಸರ್ಕ್ಯೂಟ್ ಸುತ್ತಲೇ ಸುತ್ತುತ್ತೀರಿ. ಆದರೆ ನಮ್ಮ ಜಿಲ್ಲೆಯವರಿಗೆ ಮೋಟರ್‌ಸ್ಪೋರ್ಟ್ ಅಂದರೆ ಮೊದಲು ಕಣ್ಣಿಗೆ ಬರುವುದು ಕಾಫಿ ತೋಟದ ಮಣ್ಣುರಸ್ತೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಭಾರತದ ಸುತ್ತು ಚಿಕ್ಕಮಗಳೂರಿನಲ್ಲಿ ನಡೆಯುತ್ತಿದ್ದ ವರ್ಷಗಳಲ್ಲಿ ಪೇಟೆಯ ಲಾಡ್ಜುಗಳಲ್ಲಿ ರೂಮು ಸಿಗುತ್ತಿರಲಿಲ್ಲ. ಗೌರವ್ ಗಿಲ್ 2013, 2016, 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದವರು, ನಮ್ಮ ತೋಟದ ರಸ್ತೆಗಳಲ್ಲಿ ಸ್ಕೋಡಾ ಫಾಬಿಯಾ ಓಡಿಸಿದವರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ಮೋಟರ್‌ಸ್ಪೋರ್ಟ್‌ಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಅವತ್ತು ಆಲ್ದೂರು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಒಬ್ಬ 'ನಮ್ಮ ಮೋರಿ ಹಾರಿಸಿದೋನಿಗೆ ಅರ್ಜುನ ಪ್ರಶಸ್ತಿ' ಅಂದ. ನಮ್ಮ ಮೋರಿಗೂ ಪಾಲು ಬೇಕು ಅನ್ನುವ ಧಾಟಿಯಲ್ಲಿ.

ಕೆಲವು ವರ್ಷದ ಹಿಂದೆ ಒಂದು ರ‍್ಯಾಲಿಯ ಸ್ಟೇಜು, ಅಂದರೆ ಕಾರುಗಳು ಒಂದೊಂದಾಗಿ ಗಡಿಯಾರದ ಎದುರು ಓಡುವ ರಸ್ತೆಯ ತುಂಡು, ನನ್ನ ಸ್ನೇಹಿತ ರೈಟರ್ ಆಗಿರುವ ತೋಟದ ಒಳಗೇ ಹಾದುಹೋಗಿತ್ತು. ರಜ ಹಾಕಿ ಹೋದೆ. ಬೆಳಿಗ್ಗೆ ಮಂಜು, ಕಾಲಿಗೆ ಇಂಬಳ. ದರೆಯ ಮೇಲೆ ಆಳುಗಳೆಲ್ಲ ಸಾಲಾಗಿ ಕೂತಿದ್ದರು. ಮೊದಲು ಬರುವುದು ಸದ್ದು. ಸಿಲ್ವರ್ ಮರಗಳ ಆಚೆ ಎಲ್ಲೋ ಗೊರ್ ಅನ್ನುತ್ತದೆ, ಹತ್ತಿರ ಬಂತು ಅಂದುಕೊಂಡರೆ ದೂರ ಹೋಗುತ್ತದೆ, ರಸ್ತೆ ಆ ಗುಡ್ಡವನ್ನು ಎರಡು ಸಲ ಸುತ್ತಿ ಬರುವುದರಿಂದ. ಆಮೇಲೆ ಒಮ್ಮೆಲೇ ತಿರುವಿನಲ್ಲಿ ಅಡ್ಡಡ್ಡ ಕಾಣಿಸಿಕೊಂಡು, ಜಲ್ಲಿ ಚಿಮ್ಮಿಸಿ, ಮಾಯ. ನೋಡಲು ಸಿಕ್ಕಿದ್ದು ನಾಲ್ಕು ಸೆಕೆಂಡು. ಎದ್ದ ಧೂಳು ಕಾಫಿ ಎಲೆಯ ಮೇಲೆ ಕೂರಲು ನಾಲ್ಕು ನಿಮಿಷ ಬೇಕಾಯಿತು. ಅಷ್ಟರಲ್ಲಿ ಇನ್ನೊಂದು.

ಆದರೆ ನನ್ನ ತಲೆಯಲ್ಲಿ ಉಳಿದಿದ್ದು ಸ್ಟೇಜ್ ಅಲ್ಲ, ಮಧ್ಯಾಹ್ನ ಪೇಟೆಯ ಹೊರಗಿನ ಮೈದಾನದಲ್ಲಿ ನೋಡಿದ ಸರ್ವಿಸ್, ಅಂದರೆ ಸ್ಟೇಜುಗಳ ನಡುವೆ ಕಾರು ರಿಪೇರಿಗೆ ಕೊಡುವ ಹೊತ್ತು. ದೊಡ್ಡ ತಂಡಗಳ ಕಡೆ ಶಾಮಿಯಾನ, ಲಾರಿ, ಜನರೇಟರ್. ಒಂದು ಮೂಲೆಯಲ್ಲಿ ಒಂದೇ ಕಾರಿನ ತಂಡ. ಒಂದು ಪಿಕಪ್ ಗಾಡಿ, ನೀಲಿ ಟಾರ್ಪಾಲ್, ನಾಲ್ಕು ಜನ. ಕಾರು ಬಂದು ನಿಂತಾಗ ಎಡಗಡೆ ಮುಂದಿನ ಚಕ್ರ ಒಳಗೆ ವಾಲಿತ್ತು. ಸಸ್ಪೆನ್ಶನ್ ಆರ್ಮ್ ಬಗ್ಗಿದೆ, ಬದಲಿಗೆ ಹೊಸದಿಲ್ಲ. ಬ್ರೇಕಿನಿಂದಲೂ ಹೊಗೆ. ಕೊಟ್ಟಿರುವ ಸಮಯ ಇಪ್ಪತ್ತು ನಿಮಿಷ. ಹಿರಿಯ ಮೆಕ್ಯಾನಿಕ್ ಒಬ್ಬರು ಕಾರಿನ ಸುತ್ತ ಒಂದು ಸುತ್ತು ಬಂದರು, ಏನೂ ಮುಟ್ಟಲಿಲ್ಲ, ವಾಚ್ ನೋಡಿಕೊಂಡರು. 'ಆರ್ಮ್ ಮಾಡಿ. ಬ್ರೇಕ್ ಬಿಡಿ' ಅಂದರು. ಅಷ್ಟೇ ಮಾತು. ಹುಡುಗ ಕೆಂಪು ಮಣ್ಣಿನ ಮೇಲೆ ಅಂಗಾತ ಮಲಗಿ ಕಾರಿನಡಿ ಹೋದ. ಬಗ್ಗಿದ್ದನ್ನು ಬಿಚ್ಚಿ, ಕಲ್ಲಿನ ಮೇಲಿಟ್ಟು ಬಡಿದು ನೇರ ಮಾಡಿ, ಬೆಸುಗೆ ಹಾಕಿ ಮತ್ತೆ ಕೂರಿಸಿದರು.

ಅಷ್ಟು ಹೊತ್ತೂ ಆ ತಂಡದ ನ್ಯಾವಿಗೇಟರ್ ಹುಡುಗಿ, ಡ್ರೈವರ್ ಪಕ್ಕ ಕೂತು ದಾರಿ ಓದಿ ಹೇಳುವವಳು, ಬಂದ ನಿಮಿಷ ಬರೆಸುವ ಟೈಮ್ ಕಾರ್ಡ್ ಹಿಡಿದು ದೂರದಲ್ಲಿ ನಿಂತಿದ್ದಳು. ರ‍್ಯಾಲಿಯಲ್ಲಿ ತಡವಾದರೆ ದಂಡ ಅನ್ನುವುದು ಎಲ್ಲರಿಗೂ ಗೊತ್ತು. ಬೇಗ ಬಂದರೆ ಅದಕ್ಕಿಂತ ದೊಡ್ಡ ದಂಡ ಅನ್ನುವುದು ನನಗೆ ಗೊತ್ತಾಗಿದ್ದು ಅವತ್ತು. ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ನಿಮಿಷ ತಡವಾದರೆ ಹತ್ತು ಸೆಕೆಂಡು ಸೇರಿಸುತ್ತಾರೆ, ಒಂದು ನಿಮಿಷ ಮುಂಚೆ ಕಾರ್ಡ್ ಕೊಟ್ಟರೆ ಪೂರ್ತಿ ಒಂದು ನಿಮಿಷ. ಎಷ್ಟೇ ಆತುರದಲ್ಲಿ ರಿಪೇರಿ ಮಾಡಿ ಓಡಿಬಂದರೂ ಸಮಯ ಬರೆಸುವ ಜಾಗದ ಹಳದಿ ಬೋರ್ಡಿನ ಮುಂದೆ ನಿಂತು ಗಡಿಯಾರ ನೋಡಬೇಕು. ಕಾರು ಬಂತು, ಬೋರ್ಡಿಗೆ ಎರಡು ಮಾರು ಹಿಂದೆ ನಿಂತಿತು. ಡ್ರೈವರ್ ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದ. ಅವಳು ಅವನ ಕಡೆ ನೋಡಲೇ ಇಲ್ಲ, ವಾಚನ್ನೇ ನೋಡುತ್ತಿದ್ದಳು. ನಿಮಿಷ ತಿರುಗಿದ ಕೂಡಲೇ ಕಾರ್ಡ್ ಚಾಚಿದಳು.

ಮುಂದಿನ ಸ್ಟೇಜಿನಲ್ಲಿ ಆರ್ಮ್ ಗಟ್ಟಿ ನಿಂತಿತು. ಬ್ರೇಕ್ ಕೈಕೊಟ್ಟಿತು. ಕಾರು ತಿರುವು ಬಿಟ್ಟು ನನ್ನ ಸ್ನೇಹಿತನ ತೋಟಕ್ಕೇ ನುಗ್ಗಿತು. ಒಳಗಿದ್ದವರಿಗೆ ಏನೂ ಆಗಲಿಲ್ಲ. ನನ್ನ ಸ್ನೇಹಿತ ಮೊದಲು ಅವರಿಗೆ ನೀರು ಕೊಟ್ಟ, ಆಮೇಲೆ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ: 'ರೋಬಸ್ಟಾ ಗಿಡ 7, ಮೆಣಸಿನ ಬಳ್ಳಿ 2.' ಸಂಜೆ ಆ ಹಿರಿಯ ಮೆಕ್ಯಾನಿಕ್ಕೇ ಬಂದು ಎಷ್ಟಾಯ್ತು ಅಂತ ಕೇಳಿದರು. ಇಬ್ಬರೂ ಕೂತು ಲೆಕ್ಕ ಹಾಕಿದರು. ಬ್ರೇಕ್ ಬಿಟ್ಟಿದ್ದು ತಪ್ಪಾಯ್ತಾ ಅಂತ ನಾನು ಬಾಯಿತಪ್ಪಿ ಕೇಳಿಬಿಟ್ಟೆ. 'ಆರ್ಮ್ ಬಿಟ್ಟಿದ್ರೆ ಇಲ್ಲೀತನಕ ಬರ್ತಾನೇ ಇರ್ಲಿಲ್ಲ' ಅಂದರು. ಅದರಲ್ಲಿ ಬೇಜಾರೂ ಇರಲಿಲ್ಲ, ಸಮರ್ಥನೆಯೂ ಇರಲಿಲ್ಲ.

ಸ್ವಾಮಿ, ನನಗೆ ಬೇಕಿರುವ ಆಟ ಆ ಇಪ್ಪತ್ತು ನಿಮಿಷ. ಏನು ರಿಪೇರಿ ಮಾಡಬೇಕು ಅನ್ನುವುದಲ್ಲ, ಏನನ್ನು ಹಾಗೇ ಬಿಡಬೇಕು ಅನ್ನುವುದು. ಎರಡು ಮೂರು ಸ್ಟೇಜುಗಳಿಗೆ ಟೈರ್ ಆರಿಸಿ ಹೊರಟರೆ ಮತ್ತೆ ಸರ್ವಿಸ್ ಬರುವವರೆಗೆ ಅದೇ ಗತಿ. ಒಣ ಮಣ್ಣಿನ ರಸ್ತೆಯಲ್ಲಿ ಮೊದಲು ಹೋಗುವ ಕಾರು ಸಡಿಲ ಜಲ್ಲಿ ಗುಡಿಸಿಕೊಂಡು ಹೋಗಬೇಕು, ಅದರ ಲಾಭ ಹಿಂದಿನವರಿಗೆ. ಮಳೆ ಬಿದ್ದ ಕೆಸರಿನಲ್ಲಿ ಲೆಕ್ಕ ತಿರುಗಾಮುರುಗಾ, ಹಿಂದೆ ಬರುವವನಿಗೆ ಸಿಗುವುದು ಗಾಡಿಜಾಡು ಮಾತ್ರ. ಸ್ಟೇಜಿನಿಂದ ಸ್ಟೇಜಿಗೆ ಹೋಗುವಾಗ ಅದೇ ಕಾರು ಸಾಮಾನ್ಯ ರಸ್ತೆಯಲ್ಲಿ, ಬಸ್ಸಿನ ಹಿಂದೆ, ಟ್ರಾಫಿಕ್ ನಿಯಮ ಪಾಲಿಸಿಕೊಂಡು ಹೋಗಬೇಕು. ನ್ಯಾವಿಗೇಟರ್ ಓದುವ ನೋಟ್ಸಿಗೂ ಡ್ರೈವರನ ಕಿವಿಗೂ ಹೊಂದಾಣಿಕೆ ಕೂಡಲು ಎಷ್ಟು ರ‍್ಯಾಲಿ ಬೇಕು! ಇಷ್ಟೆಲ್ಲ ಸಾಮಗ್ರಿ ರಸ್ತೆಯಲ್ಲೇ ಬಿದ್ದಿರುವಾಗ ಬರೀ ಲ್ಯಾಪ್ ಎಣಿಸುವ ಆಟ ಯಾಕೆ ಮಾಡುತ್ತೀರಿ? ಹಾಂ, ಗಿಡ ಮುರಿದ ಖರ್ಚಿಗೆ ಲೆಕ್ಕದಲ್ಲಿ ಒಂದು ಕಾಲಮ್ಮೂ ಇರಲಿ.

ದುಡ್ಡಿನ ಮಾತು. ದೊಡ್ಡ ತಂಡ ಆರಿಸಿಕೊಂಡು ಗೆಲ್ಲುವವರು ಗೆಲ್ಲಲಿ, ನಾನು ಕೊನೆಯಿಂದ ಎರಡನೇ ತಂಡದವನು. ಫಾರ್ಮುಲಾ 1ರ ಫೋರ್ಸ್ ಇಂಡಿಯಾ ತಂಡ ನೆನಪಿದೆಯೇ? 2008ರಲ್ಲಿ ಆ ಹೆಸರಿನಲ್ಲಿ ಶುರುವಾಯಿತು, 2009ರಲ್ಲಿ ಸ್ಪಾದಲ್ಲಿ ಅದರ ಡ್ರೈವರ್ ಫಿಸಿಕೆಲ್ಲಾ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ, ಪಡೆದು ಎರಡನೆಯವನಾಗಿ ಬಂದ, 2016 ಮತ್ತು 2017ರಲ್ಲಿ ತನಗಿಂತ ಎಷ್ಟೋ ಪಟ್ಟು ಖರ್ಚು ಮಾಡುವವರ ನಡುವೆ ನಾಲ್ಕನೇ ಸ್ಥಾನ. ಮರುವರ್ಷವೇ ಸಾಲಗಾರರು ಬಾಗಿಲಿಗೆ ಬಂದು, ಸೀಸನ್ ನಡುವೆಯೇ ತಂಡ ಬೇರೆಯವರ ಪಾಲಾಯಿತು. ಟ್ರ್ಯಾಕಿನಲ್ಲಿ ಅಷ್ಟು ಚೆನ್ನಾಗಿ ತೂಗಿಸಿದವರು ಪುಸ್ತಕದಲ್ಲಿ ತೂಗಿಸಲಾಗಲಿಲ್ಲ. ಅದರ ಉಲ್ಟಾ ಬ್ರಾನ್ ತಂಡ. 2008ರ ಕೊನೆಗೆ ಹೋಂಡಾ ಬಿಟ್ಟುಹೋದ ತಂಡವನ್ನು ರಾಸ್ ಬ್ರಾನ್ ಒಂದು ಪೌಂಡಿಗೆ ತೆಗೆದುಕೊಂಡರು, 2009ರಲ್ಲಿ ಜೆನ್ಸನ್ ಬಟನ್ ಮೊದಲ ಏಳು ರೇಸಿನಲ್ಲಿ ಆರು ಗೆದ್ದ, ಡ್ರೈವರದ್ದು, ತಂಡದ್ದು ಎರಡೂ ಚಾಂಪಿಯನ್‌ಶಿಪ್ ಅವರದ್ದೇ. ನಿಮ್ಮ ಆಟದಲ್ಲಿ ಇವೆರಡೂ ಆಗುವ ಹಾಗಿರಬೇಕು, ಆಗುತ್ತದೆ ಅಂತ ಗ್ಯಾರಂಟಿ ಇರಬಾರದು.

ಫಾರ್ಮುಲಾ 1ರಲ್ಲಿ 2021ರಿಂದ ಖರ್ಚಿಗೆ ಮಿತಿ ಬಂದಿದೆ, ಆ ವರ್ಷ 14.5 ಕೋಟಿ ಡಾಲರ್ ಅಂತ ಇಟ್ಟರು. ಗಾಳಿಸುರಂಗದಲ್ಲಿ ಕಾರು ಪರೀಕ್ಷೆ ಮಾಡುವ ಸಮಯವೂ ಗೆದ್ದವರಿಗೆ ಕಡಿಮೆ, ಸೋತವರಿಗೆ ಹೆಚ್ಚು: 2022ರಿಂದ ಮೊದಲ ಸ್ಥಾನದವರಿಗೆ ನೂರಕ್ಕೆ 70, ಹತ್ತನೆಯವರಿಗೆ 115. ಎಂಥ ಒಳ್ಳೆಯ ಆಟದ ನಿಯಮ ಇದು! ಎಂಟನೇ ಸ್ಥಾನಕ್ಕೆ ಒದ್ದಾಡುವ ಬದಲು ಹತ್ತಕ್ಕೇ ಇಳಿದು ಮುಂದಿನ ವರ್ಷದ ಕಾರಿಗೆ ಕೂತರೆ ಹೇಗೆ ಅಂತ ಯೋಚಿಸುತ್ತ ನಾನು ರಾತ್ರಿ ಎಷ್ಟೋ ಸಲ ನಿದ್ದೆಗೆಟ್ಟಿದ್ದೇನೆ. 2026ಕ್ಕೆ ಎಂಜಿನ್ ನಿಯಮ ಪೂರ್ತಿ ಬದಲಾಗಿ, ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಕರೆಂಟಿನಿಂದ; ಜೊತೆಗೆ ಔಡಿ, ಕ್ಯಾಡಿಲಾಕ್ ಸೇರಿ ಹನ್ನೊಂದು ತಂಡ. ಎಲ್ಲರ ಎಣಿಕೆಯೂ ತಲೆಕೆಳಗಾಗುವ ಇಂಥ ಹೊತ್ತೇ ಹೊಸ ಆಟಕ್ಕೆ ಹದ.

ಇನ್ನು ಪ್ರಾಯೋಜಕರು. ನಿಮ್ಮ ಆಟಗಳಲ್ಲಿ ಸಹಿ ಹಾಕಿದ ದಿನವೇ ದುಡ್ಡು ಖಾತೆಗೆ ಬೀಳುತ್ತದೆ. ನಮ್ಮ ಕಡೆ ಸಣ್ಣ ತಂಡದ ಕಾರಿನ ಮೇಲೆ ಟೈರ್ ಅಂಗಡಿ, ಹೋಂಸ್ಟೇ, ಗೊಬ್ಬರದ ಡೀಲರ್ ಹೆಸರಿರುತ್ತದೆ. ಗೊಬ್ಬರದವರ ದುಡ್ಡು ಕಾಫಿ ಮಾರಾಟ ಆದ ಮೇಲೆ. ಹೋಂಸ್ಟೇಯವರು ದುಡ್ಡು ಕೊಡುವುದೇ ಇಲ್ಲ, ಎರಡು ರೂಮು ಕೊಡುತ್ತಾರೆ. ರೂಮನ್ನು ಟೈರು ಮಾಡುವುದು ಹೇಗೆ ಅನ್ನುವುದೇ ಮ್ಯಾನೇಜರನ ಕೆಲಸ. ಇದನ್ನು ಆಟದಲ್ಲಿ ಇಟ್ಟು ನೋಡಿ.

ಫೋನ್ ಆಟಗಳ ದಾರಿ ಮಾತ್ರ ಹಿಡಿಯಬೇಡಿ. ಹೆಸರು ಬೇಡ, ಒಂದರಲ್ಲಿ ನನ್ನ ಪಿಟ್ ಹುಡುಗರು ಟೈರ್ ಬದಲಿಸಿ ನಾಲ್ಕು ಗಂಟೆ ವಿಶ್ರಾಂತಿಗೆ ಹೋಗುತ್ತಿದ್ದರು, ಐವತ್ತು ರೂಪಾಯಿ ಕೊಟ್ಟರೆ ತಕ್ಷಣ ಎದ್ದು ಬರುತ್ತಿದ್ದರು. ನಮ್ಮ ತೋಟದಲ್ಲೂ ಮಧ್ಯಾಹ್ನ ಊಟಕ್ಕೆ ಬಿಡುತ್ತೇವೆ. ಊಟದ ಹೊತ್ತನ್ನು ಮಾರುವುದಿಲ್ಲ.

ಕರೆಂಟು, ನೆಟ್‌ವರ್ಕ್ ವಿಚಾರ ನಿಮಗೆ ಸಣ್ಣದು ಅನಿಸಬಹುದು. ಆಷಾಢದಲ್ಲಿ ಇಲ್ಲಿ ಮರ ಬಿದ್ದು ತಂತಿ ಹರಿದರೆ ಮೂರು ದಿನ ಕತ್ತಲೆ. ಮೊಬೈಲ್ ಸಿಗ್ನಲ್ ಸಿಗುವುದು ಕಣದ ಪಕ್ಕದ ಒಂದು ಕಲ್ಲಿನ ಮೇಲೆ, ಅದೂ ನಿಂತರೆ, ಕೂತರೆ ಇಲ್ಲ. ಒಮ್ಮೆ ಒಂದು ಆಟ ದುಡ್ಡು ಕೊಟ್ಟು ತಗೊಂಡೆ. ಡೌನ್‌ಲೋಡ್ ಮಾಡಲು ಚಿಕ್ಕಮಗಳೂರಿನ ನೆಂಟರ ಮನೆಗೆ ಹೋಗಿ ರಾತ್ರಿಯಿಡೀ ಲ್ಯಾಪ್‌ಟಾಪ್ ಹಚ್ಚಿಟ್ಟು ಮಲಗಿದೆ. ಮನೆಗೆ ತಂದು ತೆರೆದರೆ, ಒಬ್ಬನೇ ಆಡುವ ಆಟಕ್ಕೂ ಇಂಟರ್‌ನೆಟ್ ಬೇಕಂತೆ. ಲ್ಯಾಪ್‌ಟಾಪ್ ಹೊತ್ತುಕೊಂಡು ಆ ಕಲ್ಲಿನ ಮೇಲೆ ನಿಂತು ಲಾಗಿನ್ ಆಗುತ್ತಿದ್ದವನನ್ನು ನೋಡಿ ಆಳುಗಳು 'ರೈಟ್ರಿಗೆ ಏನೋ ಆಗಿದೆ' ಅಂದುಕೊಂಡರು. ದಯವಿಟ್ಟು ನೆಟ್ ಇಲ್ಲದೆ ಆಡುವ ಹಾಗೆ ಮಾಡಿ. ರೇಸಿನ ನಡುವೆ ತಾನಾಗಿ ಸೇವ್ ಆಗುತ್ತಿರಲಿ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡಲಿ. ಟೈರಿನ ಮೇಲೆ ಬೀಳುವ ಬಿಸಿಲಿನ ಹೊಳಪು ಇಲ್ಲದಿದ್ದರೆ ನನಗೇನೂ ಬೇಸರವಿಲ್ಲ, ಆ ಟೈರು ಎಷ್ಟು ಸವೆದಿದೆ ಅಂತ ಗೊತ್ತಾದರೆ ಸಾಕು.

ಕನ್ನಡ. ಕ್ರಿಕೆಟ್ಟಿಗೂ ಕಬಡ್ಡಿಗೂ ಟಿವಿಯಲ್ಲಿ ಕನ್ನಡ ಕಾಮೆಂಟರಿ ಬಂದು ವರ್ಷಗಳಾದವು, ಇಂಥ ಆಟಗಳ ಮೆನುವಿನಲ್ಲಿ ನಾನಿನ್ನೂ ಕಂಡಿಲ್ಲ. ಮಾಡುವುದಾದರೆ ಎರಡು ಮಾತು. ಕೆಲವು ಗೇಮ್ ಎಂಜಿನ್ನುಗಳಲ್ಲಿ ನಮ್ಮ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಮೊದಲು ಅದನ್ನು ಸರಿಮಾಡಿ. ಎರಡನೆಯದು, ನಿಘಂಟು ಹಿಡಿದು ಕೂರಬೇಡಿ. ಪಿಟ್ಟನ್ನು 'ಗುಂಡಿ' ಮಾಡಿದರೆ ನಮ್ಮ ರಸ್ತೆಗಳ ಬಗ್ಗೆ ಹೇಳುತ್ತಿದ್ದೀರಿ ಅಂದುಕೊಳ್ಳುತ್ತೇವೆ. ಟೈರು ಟೈರೇ, ಬ್ರೇಕು ಬ್ರೇಕೇ. ರೇಡಿಯೋದಲ್ಲಿ 'ಒಳಗೆ ಬಾ, ಒಳಗೆ ಬಾ' ಅಂದರೆ ಸಾಕು, ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸೋತು ಬಂದ ಡ್ರೈವರಿಗೆ ಎಂಜಿನಿಯರ್ ಮೊದಲು ಕೇಳುವ ಪ್ರಶ್ನೆ 'ಊಟ ಆಯ್ತಾ?' ಅಂತಿದ್ದರೆ ನಾನು ಎರಡು ಪ್ರತಿ ಕೊಳ್ಳುತ್ತೇನೆ.

ಈ ಪತ್ರ ಓದಿದ ನನ್ನ ಅಕ್ಕನ ಮಗ 'ಇಷ್ಟೆಲ್ಲ ಯಾರ್ ಹಾಕ್ತಾರೆ ಮಾವ, ಅವರಿಗೂ ಬಜೆಟ್ ಇರತ್ತೆ' ಅಂದ. ಅವನು ಹೇಳಿದ್ದು ನಿಜ. ನೀವೂ ತೂಗಿಸಬೇಕು. ಎಲ್ಲ ಆಗದಿದ್ದರೆ ರ‍್ಯಾಲಿಯ ಸರ್ವಿಸ್ ಒಂದನ್ನು ಉಳಿಸಿಕೊಳ್ಳಿ, ಕಾಮೆಂಟರಿ ಬಿಡಿ. ಆರ್ಮ್ ಮಾಡಿ, ಬ್ರೇಕ್ ಆಮೇಲೆ ನೋಡೋಣ.

ಬಿಡುಗಡೆಗೆ ಮುಂಚೆ ಆಡಿ ತಪ್ಪು ಹುಡುಕುವವರು ಬೇಕಿದ್ದರೆ ನಾನಿದ್ದೇನೆ, ಸಂಬಳ ಬೇಡ. ತಾರೀಕಿನ ವಿಚಾರದಲ್ಲಿ ಮಾತ್ರ ಒಂದು ವಿನಂತಿ. ನವೆಂಬರಿನಿಂದ ಮಾರ್ಚ್‌ವರೆಗೆ ಬೇಡ. ಹಣ್ಣು ಕುಯ್ಯುವುದು, ಒಣಗಿಸುವುದು, ಆಮೇಲೆ ಹೂಮಳೆಗೆ ಕಾಯುವುದು, ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಜೂನ್ ಕೊನೆಯ ವಾರ ಆದರೆ ಒಳ್ಳೆಯದು. ಮಳೆ ಹಿಡಿದಿರುತ್ತದೆ, ಸಂಜೆ ಐದಕ್ಕೇ ಕತ್ತಲಾಗುತ್ತದೆ, ಒಲೆ ಪಕ್ಕ ಕೂತು ಆಡಬಹುದು. ಕರೆಂಟಿನ ವಿಷಯ ಆಗಲೇ ಬರೆದಿದ್ದೇನೆ.

ಇಂತಿ,
ಆಲ್ದೂರು ಕಡೆಯ ಒಬ್ಬ ರೈಟರ್